ಅರವತ್ತನಾಲ್ಕು ಹುಕ್ಕುಗಳ ನಿಲುವಂಗಿ

ಮಂಗಳವಾರ, ಫೆಬ್ರವರಿ 3, 1931

ಸಂಘದ ಅಧ್ಯಕ್ಷರ ನಿಲುವಂಗಿ ಈಗ ಹನ್ನೊಂದು ತುಂಡಾಗಿದೆ. ಇದನ್ನು ತಿಳಿಸಿದವರು 137ನೇ ಬೀದಿಯ ನೆಲಮಾಳಿಗೆಯಲ್ಲಿ ಹೊಲಿಗೆ ಮಾಡುವ ಟೆಂಪಿ ರೊಲಿನ್ಸ್, ಸಂಜೆ ಐದೂ ಮುಕ್ಕಾಲಿಗೆ. ತಿಳಿಸುವಾಗ ಅವರ ಬಾಯಲ್ಲಿ ಆರು ಗುಂಡುಸೂಜಿ ಇದ್ದವು. ಹಾಗಾಗಿ ಇನ್ನೊಮ್ಮೆ ಕೇಳಿದೆ. ಎರಡನೇ ಸಲವೂ ಹನ್ನೊಂದೇ.

ನಡೆದದ್ದನ್ನು ಇದ್ದ ಹಾಗೆ ಬರೆದಿಡುತ್ತೇನೆ. ಮೌಂಟ್ ನೀಬೋ ಸಹೋದರ ಸಂಘದ ಪೆಟ್ಟಿಗೆ ಹನ್ನೆರಡು ವರ್ಷದಿಂದ ನನ್ನ ಸುಪರ್ದಿನಲ್ಲಿದೆ. ಅದರೊಳಗಿನ ಮುಖ್ಯ ವಸ್ತು ನೇರಳೆ ಮಖಮಲ್ಲಿನ ನಿಲುವಂಗಿ. ಬೆನ್ನ ಮೇಲೆ ಚಿನ್ನದ ದಾರದಲ್ಲಿ ಏಳು ನಕ್ಷತ್ರ, ನಡುವೆ ಎಲ್ಲವನ್ನೂ ನೋಡುವ ಕಣ್ಣು. ಕೊರಳ ಬಳಿ ಹುಳ ಹೊಡೆದ ತೂತು ಕಂಡು, ಜನವರಿ 20ರಂದು ಅದನ್ನು ಕಂದು ಕಾಗದದಲ್ಲಿ ಕಟ್ಟಿ ಟೆಂಪಿ ಅವರಿಗೆ ಕೊಟ್ಟೆ. ಸಂಘದ ಹದಿನೇಳನೇ ನಿಯಮದ ಪ್ರಕಾರ ಪೂಜ್ಯ ವಸ್ತುಗಳ ಹೆಸರನ್ನು ಸಂಘದ ಕೋಣೆಯ ಹೊರಗೆ ಹೇಳಬಾರದು, ಕಟ್ಟಿನ ಮೇಲೆ ಬರೆಯಲೂ ಬಾರದು. ಆದ್ದರಿಂದ "ಎಂದಿನದೇ, ನಿಮಗೆ ಗೊತ್ತಲ್ಲ" ಎಂದಷ್ಟೇ ಹೇಳಿ ಕಣ್ಣು ಮಿಟುಕಿಸಿದೆ. ಈಗ ನೋಡಿದರೆ ಮಿಟುಕಿಸಬಾರದಿತ್ತು.

"ನೀವು ಕಣ್ಣು ಹೊಡೆದ್ರಲ್ಲ ಬ್ರದರ್ ಡಬ್ನಿ," ಎಂದರು ಟೆಂಪಿ. "ಲಾಂಡ್ರಿ ಲೂಷಿಯಸ್ ಮಖಮಲ್ ಕಳಿಸ್ತೀನಿ, ಯಾರೋ ತಂದ್ಕೊಡ್ತಾರೆ, ಜಾಸ್ತಿ ಏನೂ ಕೇಳ್ಬೇಡಿ ಅಂದಿದ್ದ. ನೀವು ಬಂದ್ರಿ. ಜಾಸ್ತಿ ಏನೂ ಹೇಳ್ಲಿಲ್ಲ."

"ಅದರ ಮೇಲೆ ಅಷ್ಟು ದೊಡ್ಡ ಕಣ್ಣಿತ್ತಲ್ಲಮ್ಮ."

"ಈ ವರ್ಷ ನಾನು ಎಂತೆಂಥದ್ದು ಹೊಲಿದಿದ್ದೀನಿ ಅಂತ ನಿಮಗೇನ್ ಗೊತ್ತು. ಒಬ್ಬರು ಬೆನ್ನ ಮೇಲೆ ನವಿಲು ಕೇಳಿದ್ರು. ಇನ್ನೊಬ್ಬರು ಹಡಗು, ಹೊಗೆ ಸಮೇತ. ಒಂದು ಕಣ್ಣು ಏನ್ ಮಹಾ."

ಲೂಷಿಯಸ್ ವೆನೇಬಲ್ ಎಂಬುವನು ಈ ತಿಂಗಳ 27ಕ್ಕೆ ನಮ್ಮದೇ ಸಂಘದ ವೇಷದ ಕೂಟದಲ್ಲಿ ಗೌನು ತೊಟ್ಟು ಸ್ಪರ್ಧಿಸುವವನು. ಗಂಡಸರು ಗೌನಿನಲ್ಲಿ, ಹೆಂಗಸರು ಕೋಟು ಟೋಪಿಯಲ್ಲಿ ಬರುತ್ತಾರೆ, ನೋಡಲು ನಮ್ಮ ಹಾರ್ಲೆಮ್ ಬಡಾವಣೆಗೆ ಬಡಾವಣೆಯೇ ಬರುತ್ತದೆ. ಸಂಘ ಇದನ್ನು ನಲವತ್ತೆರಡು ಸಲ ನಡೆಸಿದೆ. ನಾನು ಒಮ್ಮೆಯೂ ನೋಡಿಲ್ಲ. ಹನ್ನೆರಡು ವರ್ಷದಿಂದ ಆ ರಾತ್ರಿ ಕೋಟು ಇಡುವ ಕೊಠಡಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತೇನೆ.

ಅವನ ಗೌನಿನ ಬೆನ್ನು ಸೊಂಟದವರೆಗೆ ಬರಿದಾಗಿರಬೇಕಂತೆ. ಆದ್ದರಿಂದ ನಿಲುವಂಗಿಯ ಬೆನ್ನಿನ ತುಂಡನ್ನು ಕೆಳಗಿಳಿಸಲಾಗಿದೆ. ಅದರ ಜೊತೆ ಕಣ್ಣೂ ಇಳಿದಿದೆ. ಎಲ್ಲಿಗೆ ಎಂದು ಇಲ್ಲಿ ಬರೆಯಲಾರೆ.

ಕೂಟದ ಮೊದಲ ಮೆರವಣಿಗೆಯಲ್ಲಿ ಅಧ್ಯಕ್ಷರು ಈ ನಿಲುವಂಗಿಯನ್ನೇ ತೊಟ್ಟು ನಡೆಯಬೇಕು. ಫಿಲಡೆಲ್ಫಿಯಾದಿಂದ ತನಿಖಾಧಿಕಾರಿ ಬರುತ್ತಾರೆ. ಏಳು ವರ್ಷಕ್ಕೊಮ್ಮೆ ಪೆಟ್ಟಿಗೆ ತಪಾಸಣೆ. ಒಂದು ವಸ್ತು ಕಡಿಮೆ ಬಂದರೂ ಪೆಟ್ಟಿಗೆಯವನನ್ನು ತೆಗೆದುಹಾಕಿ, ಅವನ ಹೆಸರನ್ನು ರಾಜ್ಯದ ಎಲ್ಲ ಶಾಖೆಗಳಲ್ಲಿ ಎದ್ದು ನಿಂತು ಓದುತ್ತಾರೆ. ನನಗಿಂತ ಮುಂಚೆ ಈ ಪೆಟ್ಟಿಗೆ ನನ್ನ ತಂದೆಯ ಬಳಿ ಇತ್ತು.

ಶುಕ್ರವಾರ ಲೂಷಿಯಸ್‌ನನ್ನು ಕಾಣುವುದು.

ಬುಧವಾರ, ಫೆಬ್ರವರಿ 4

ಲೂವೀನಿಯಾಗೆ ಹೇಳಿದೆ. ನಕ್ಕಳು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವಳು ಇಷ್ಟು ಹೊತ್ತು ನಕ್ಕದ್ದು ನನಗೆ ನೆನಪಿಲ್ಲ. ಒಲೆಯ ಮೇಲೆ ಅಲಸಂದೆ ತಳ ಹಿಡಿಯಿತು.

"ರೀ, ಆ ಕಣ್ಣು ಎಲ್ಲಿಗೆ ಬಂದಿದೆ, ಇನ್ನೊಂದ್ಸಲ ಹೇಳಿ."

"ಹೇಳಿದೆನಲ್ಲ. ಕೂತ್ಕೊಳ್ಳೋ ಕಡೆ."

"ಎಲ್ಲಾ ನೋಡೋ ಕಣ್ಣು."

"ಹೌದು."

"ಕೂತ್ಕೊಳ್ಳೋ ಕಡೆ."

"ಲೂವೀನಿಯಾ, ನನ್ನ ಮಾನ ಹೋಗ್ತಾ ಇದೆ."

"ಹೋಗ್ಲಿ ಬಿಡಿ. ಹೋಗ್ತಾ ಹಿಂದೆ ಏನಿದೆ ಅಂತ ನೋಡ್ಕೊಂಡಾದ್ರೂ ಹೋಗುತ್ತೆ."

ಮತ್ತೆ ನಕ್ಕಳು. ತಳ ಹಿಡಿದ ಅಲಸಂದೆಯನ್ನೇ ಉಂಡೆವು.

ಶುಕ್ರವಾರ, ಫೆಬ್ರವರಿ 6

ಲೂಷಿಯಸ್ ಬಟ್ಟೆ ವಾಪಸು ಕೊಡುವುದಿಲ್ಲ. ಲಾಂಡ್ರಿಯಲ್ಲಿ ನಿಂತು ಅವನೇ ಹೇಳಿದ. ಗಂಜಿ ಹಾಕಿದ ಅಂಗಿಗಳಿಗೆ ಇಸ್ತ್ರಿ ಮಾಡುವುದು ಅವನ ಕೆಲಸ. ವಯಸ್ಸು ಮೂವತ್ತರ ಆಸುಪಾಸು, ಎತ್ತರ ಸರಿಯಾಗಿ ನನ್ನಷ್ಟೇ. ಮಾತನಾಡುವಾಗ ಇಸ್ತ್ರಿಪೆಟ್ಟಿಗೆ ಕೆಳಗಿಡುವುದಿಲ್ಲ. ಆದ್ದರಿಂದ ನಾನು ಸ್ವಲ್ಪ ದೂರದಲ್ಲೇ ನಿಂತೆ.

"ಕತ್ತರಿಸಿ ಆಗಿದೆ ರಾಯರೇ. ಲಾಂಡ್ರಿ ಯಜಮಾನಿ ಅವರ ಮನೆ ಹಳೇ ಪರದೆ ಕೊಡ್ತೀನಿ ಅಂದಿದ್ರು, ಕೊನೇ ಗಳಿಗೇಲಿ ಮನಸ್ಸು ಬದಲಾಯಿಸಿದ್ರು. ನನ್ನ ಹತ್ರ ಬೇರೆ ಬಟ್ಟೆ ಇಲ್ಲ."

"ಅದು ಪವಿತ್ರವಾದ ವಸ್ತು ಕಣಯ್ಯ."

"ವರ್ಷದಲ್ಲಿ ಎಷ್ಟು ದಿನ ಹಾಕ್ತೀರಾ?"

"ಒಂದು ದಿನ."

"ನಾನೂ ಒಂದೇ ದಿನ. ಮಿಕ್ಕ ಮುನ್ನೂರ ಅರವತ್ತನಾಲ್ಕು ದಿನ ಊರವರ ಅಂಗಿಗೆಲ್ಲ ಗಂಜಿ ಹಾಕ್ತೀನಿ. ಹೋದ ವರ್ಷ ಒಂದೇ ಒಂದು ಅಂಕದಲ್ಲಿ ಎರಡನೇ ಸ್ಥಾನ. ಅದರ ಹಿಂದಿನ ವರ್ಷನೂ ಎರಡನೇದು. ಯಾಕೆ ಗೊತ್ತಾ? ಬಟ್ಟೆ. ನಡಿಗೆ ಅಲ್ಲ. ನನ್ನ ನಡಿಗೆ ಬಗ್ಗೆ ಯಾರನ್ನ ಬೇಕಾದ್ರೂ ಕೇಳಿ."

ನಾನು ಯಾರನ್ನೂ ಕೇಳುವವನಲ್ಲ ಎಂದೆ. ಅವನು ನನ್ನ ಕಾಲರನ್ನು ನೋಡಿ, ಇದಕ್ಕೆ ಗಂಜಿ ಯಾರು ಹಾಕಿದ್ದು, ಹಲಗೆ ಹಾಗಿದೆ, ಬಿಚ್ಚಿ ಕೊಡಿ ಎಂದ. ಕೊಡಲಿಲ್ಲ.

ಆ ರಾತ್ರಿ ಅವನ ಹೆಸರು ಸಫ್ರೋನಿಯಾ ಎಂದಾಗುತ್ತದಂತೆ. ಹೊರಡುವಾಗ ಇನ್ನೊಬ್ಬ ಇಸ್ತ್ರಿಯವನು ಈ ಮಾಹಿತಿ ಕೊಟ್ಟ. ನಾನು ಕೇಳಿರಲಿಲ್ಲ.

ಶನಿವಾರ, ಫೆಬ್ರವರಿ 7

ಟೆಂಪಿ ಒಂದು ಉಪಾಯ ಹೇಳಿದ್ದಾರೆ. ತುಂಡುಗಳನ್ನು ಹೊಲಿಯದೆ ಎಲ್ಲ ಅಂಚಿಗೂ ಹುಕ್ಕು ಹಾಕುವುದು. ಒಂದು ರೀತಿ ಕೂಡಿಸಿದರೆ ನಿಲುವಂಗಿ. ಬಿಚ್ಚಿ ಇನ್ನೊಂದು ರೀತಿ ಕೂಡಿಸಿದರೆ ಗೌನು. ತೋಳುಗಳೆರಡು ಸೇರಿ ಹಿಂದೆ ನೆಲದ ಮೇಲೆ ಎಳೆಯುವ ಬಾಲವಾಗುತ್ತವೆ. ಬರಿಬೆನ್ನಿನ ಜಾಗ ಮುಚ್ಚಲು ಅಧ್ಯಕ್ಷರ ಹೆಗಲಿಗೆ ಚಿಕ್ಕ ಹೊದಿಕೆ. ಒಟ್ಟು ಹುಕ್ಕು ಅರವತ್ತನಾಲ್ಕು.

ಪದ್ಧತಿಯ ಪ್ರಕಾರ ಮೆರವಣಿಗೆ ಮುಗಿದ ಕೂಡಲೇ ಅಧ್ಯಕ್ಷರು, ಸೆಕೆ ತಾಳಲಾರದೆ, ನಿಲುವಂಗಿ ಕಳಚಿ ಕೋಟಿನ ಕೊಠಡಿಯಲ್ಲಿ ನನ್ನ ಕೈಗೆ ಕೊಡುತ್ತಾರೆ. ಅಲ್ಲಿಂದ ಸ್ಪರ್ಧೆಗೆ ಹತ್ತು ನಿಮಿಷ. ಬೆಳಗಾಗುವುದರೊಳಗೆ ಮತ್ತೆ ನಿಲುವಂಗಿ ಮಾಡಿ ಪೆಟ್ಟಿಗೆಗೆ. ಮರುದಿನ, ಶನಿವಾರ, ಮಧ್ಯಾಹ್ನ ತಪಾಸಣೆ.

"ಹತ್ತು ನಿಮಿಷದಲ್ಲಿ ಅರವತ್ತನಾಲ್ಕು ಹುಕ್ಕು ಬಿಚ್ಚಿ ಹಾಕೋರು ಯಾರು?" ಎಂದು ಕೇಳಿದೆ.

"ನಂಗೆ ಬೆರಳು ಬಾತಿದೆ," ಎಂದರು ಟೆಂಪಿ. "ಲೂಷಿಯಸ್ ಆಗ ಮುಖಕ್ಕೆ ಬಣ್ಣ ಹಚ್ಕೋತಾ ಇರ್ತಾನೆ. ಅಂಚೆ ಕಚೇರೀಲಿ ಕಾಗದ ವಿಂಗಡಿಸೋ ಕೆಲಸ ಯಾರದು?"

ನನ್ನದು. ನಿಮಿಷಕ್ಕೆ ಅರವತ್ತು ಕಾಗದ. ತಪ್ಪು ಸಾವಿರಕ್ಕೆ ಎರಡು.

ಗುರುವಾರ ಮೊದಲ ಅಭ್ಯಾಸ.

ಮಂಗಳವಾರ, ಫೆಬ್ರವರಿ 10

ಸಂಘದ ಸಭೆ. ಅಧ್ಯಕ್ಷ ಬ್ರದರ್ ಕ್ರಚ್‌ಫೀಲ್ಡ್ ನಿಲುವಂಗಿ ಕೇಳಿದರು. ಇವರು ಶವಸಂಸ್ಕಾರದ ವ್ಯವಸ್ಥೆ ಮಾಡುವವರು. ತೂಕ ಮುನ್ನೂರು ಪೌಂಡಿನ ಹತ್ತಿರ. ಎಲ್ಲವನ್ನೂ ಸಮಾಧಿಯ ಪಕ್ಕ ನಿಂತವರ ಧ್ವನಿಯಲ್ಲೇ ಕೇಳುತ್ತಾರೆ.

"ನಿಲುವಂಗಿ ಹೇಗಿದೆ, ಬ್ರದರ್ ಡಬ್ನಿ?"

"ಬಿಚ್ಚಿ ಗಾಳಿಗೆ ಹಾಕಿದ್ದೇನೆ," ಎಂದೆ. ಇದು ಸುಳ್ಳಲ್ಲ.

ಗುರುವಾರ, ಫೆಬ್ರವರಿ 12

ನಾನು ಗೌನು ತೊಟ್ಟೆ. ಕಾರಣ ಕೆಲಸಕ್ಕೆ ಸಂಬಂಧಿಸಿದ್ದು. ಲೂಷಿಯಸ್‌ಗೆ ಹಗಲು ರಜೆ ಇಲ್ಲ. ಹುಕ್ಕಿನ ಜಾಗ ಗುರುತಿಸಲು ಅವನಷ್ಟೇ ಎತ್ತರದ ಮನುಷ್ಯ ಬೇಕಿತ್ತು. ಟೆಂಪಿ ಅವರ ನೆಲಮಾಳಿಗೆಯಲ್ಲಿ ಇದ್ದ ಗಂಡಸು ನಾನೊಬ್ಬನೇ. ಒಳಗೆ ನನ್ನ ಉಣ್ಣೆಯ ಬನಿಯನ್ ಮತ್ತು ಪ್ಯಾಂಟು ಹಾಗೇ ಇದ್ದವು ಎಂಬುದನ್ನು ದಾಖಲಿಸುತ್ತೇನೆ.

ಸಮಯ ಮೂವತ್ತೊಂದು ನಿಮಿಷ. ಬಲತೋಳನ್ನು ತಲೆಕೆಳಗಾಗಿ ಕೂಡಿಸಿದ್ದರಿಂದ ಬಾಲ ಮುಂದೆ ಬಂತು.

"ಹೊಟ್ಟೆ ಒಳಗೆ ತಗೊಳ್ಳಿ," ಎಂದರು ಟೆಂಪಿ.

"ತಗೊಂಡೇ ಇದ್ದೀನಿ."

"ಹಾಗಾದ್ರೆ ಉಸಿರೂ ತಗೊಳ್ಳಿ."

ಶನಿವಾರ, ಫೆಬ್ರವರಿ 14

ಇಪ್ಪತ್ತೆರಡು ನಿಮಿಷ. ಒಂದು ಉಗುರು ಹೋಯಿತು.

ಮಖಮಲ್ ನಿರೀಕ್ಷೆಗಿಂತ ಬೆಚ್ಚಗಿದೆ.

ಮಂಗಳವಾರ, ಫೆಬ್ರವರಿ 17

ಹನ್ನೊಂದು ನಿಮಿಷ ನಲವತ್ತು ಸೆಕೆಂಡು. ಗುಟ್ಟು ಅಂಚೆ ಕಚೇರಿಯಲ್ಲೇ ಇತ್ತು. ಬೆಳಿಗ್ಗೆ ಕಾಗದ ವಿಂಗಡಿಸುವಾಗ ಹೊಳೆಯಿತು. ಗೂಡು ಎಲ್ಲಿದೆ ಎಂದು ಯಾರೂ ನೋಡುವುದಿಲ್ಲ, ಕೈಗೆ ಗೊತ್ತಿರುತ್ತದೆ. ಆದ್ದರಿಂದ ಹುಕ್ಕುಗಳಿಗೆ ಊರಿನ ಹೆಸರಿಟ್ಟೆ. ಎಡಹೆಗಲು ಬಾಸ್ಟನ್. ಅಲ್ಲಿಂದ ಪಕ್ಕೆಯ ಮೇಲೆ ಇಳಿಯುತ್ತಾ ನ್ಯೂಯಾರ್ಕ್, ಬಾಲ್ಟಿಮೋರ್, ರಿಚ್ಮಂಡ್. ಸೊಂಟದಲ್ಲಿ ಅಟ್ಲಾಂಟಾ. ಬಾಲದ ತುದಿ ಮಯಾಮಿ. ಕಣ್ಣು ಇರುವುದು ಸವಾನಾದಲ್ಲಿ.

ಲೂಷಿಯಸ್ ಕೆಲಸ ಮುಗಿಸಿ ಬಂದು ನೋಡಿದ. "ಬಾಲ ಅನ್ಬೇಡಿ ರಾಯರೇ, ಹಸುಗೆ ಬಾಲ ಇರೋದು. ಸೆರಗು ಅನ್ನಿ," ಎಂದ. ಅವನು ಹೇಳಿದ್ದು ಸರಿ. ಹಿಂದಿನ ಪುಟಗಳಲ್ಲಿ ಬಾಲ ಎಂದು ಇರುವ ಕಡೆಯಲ್ಲೆಲ್ಲ ಸೆರಗು ಎಂದು ಓದಿಕೊಳ್ಳತಕ್ಕದ್ದು.

ಹೋಗುವಾಗ ನನ್ನ ಕಾಲರನ್ನು ಬಿಚ್ಚಿ ಕೊಟ್ಟೆ.

ಗುರುವಾರ, ಫೆಬ್ರವರಿ 19

ಅಂಚೆ ಕಚೇರಿಯಲ್ಲಿ ಮೂರು ಜನ ನನ್ನ ಕಾಲರ್ ನೋಡಿ ಗಂಜಿ ಎಲ್ಲಿ ಹಾಕಿಸಿದ್ದು ಎಂದು ಕೇಳಿದರು.

ಶನಿವಾರ, ಫೆಬ್ರವರಿ 21

ಒಂಬತ್ತು ನಿಮಿಷ ಐದು ಸೆಕೆಂಡು. ಈಗ ಸಾಕಷ್ಟು ಸಮಯ ಉಳಿಯುತ್ತದೆ. ಆದರೂ ಅಭ್ಯಾಸ ನಿಲ್ಲಿಸಲಿಲ್ಲ. ಲೂಷಿಯಸ್‌ಗೆ ಅರ್ಧ ದಿನ ರಜೆ ಸಿಕ್ಕಿತ್ತು. ನೆಲಮಾಳಿಗೆಯ ಒಂದು ತುದಿಯಲ್ಲಿ ಅವನು ಗೌನಿನೊಳಗೆ ಹೋದ. ಇನ್ನೊಂದು ತುದಿಗೆ ಸಫ್ರೋನಿಯಾ ನಡೆದು ಬಂದಳು. ನಡುವೆ ಇರುವುದು ಹದಿನಾಲ್ಕು ಹೆಜ್ಜೆ, ಅಷ್ಟರಲ್ಲಿ ಏನಾಯಿತೆಂದು ನಾನು ಪೂರ್ತಿ ಹೇಳಲಾರೆ. ಟೆಂಪಿ ಯಂತ್ರ ತುಳಿಯುವುದನ್ನು ನಿಲ್ಲಿಸಿದರು.

"ಈಗ ನೀವು," ಎಂದಳು.

"ನಾನು ಯಾಕೆ?"

"ಸೆರಗು ಹಿಡಿಯೋರು ಯಾರು ಮತ್ತೆ? ನೀವೇ. ಹಿಂದೆ ಬರೋರ ಹೆಜ್ಜೆ ಮುಂದಿರೋರ ಹೆಜ್ಜೆಗೆ ಕೂಡಬೇಕು. ನೀವು ನಡೆಯೋದು ನೋಡಿದ್ರೆ ಮನೆಮನೆಗೆ ನೋಟೀಸು ಕೊಡೋಕೆ ಬಂದ ಹಾಗಿದೆ."

ಕಲಿತೆ. ಹಿಮ್ಮಡಿ ಮೊದಲು ಊರಬಾರದು. ದೃಷ್ಟಿ ಕೊನೆಯ ಸಾಲಿನವರ ತಲೆಯ ಮೇಲಿರಬೇಕು. ಇದಕ್ಕೆ ಮೊಣಕಾಲು ಸ್ವಲ್ಪ ಸಡಿಲ ಬೇಕು. ನನ್ನ ಮೊಣಕಾಲಿಗೆ ಐವತ್ನಾಲ್ಕು ವರ್ಷದಲ್ಲಿ ಯಾರೂ ಹೀಗೆ ಹೇಳಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಅವಳು ಗೌನು ಕಳಚಿ ಮಡಿಚಿದಳು. ತೊಟ್ಟುಕೊಂಡೇ ಮನೆಗೆ ಹೋದರೆ ಏನು, ಎರಡೇ ಬೀದಿ ಅಲ್ಲವೇ ಎಂದು ನಾನು ಯೋಚಿಸದೆ ಕೇಳಿದೆ.

"ಕೂಟಕ್ಕೆ ಪೋಲೀಸರು ಬರೆದು ಕೊಟ್ಟಿರೋ ಅನುಮತಿ ಸಭಾಂಗಣದ ಬಾಗಿಲ ತನಕ ರಾಯರೇ. ಬಾಗಿಲ ಒಳಗೆ ಇದಕ್ಕೆ ಬೆಳ್ಳಿ ಬಟ್ಟಲು ಬಹುಮಾನ. ಹೊರಗೆ ಇದೇ ಗೌನಿಗೆ ಮೂವತ್ತು ದಿನ ಜೈಲು. ಬಿ ಬ್ಲಾಕಿನ ಊಟ ಚೆನ್ನಾಗಿಲ್ಲ, ಒಂದ್ಸಲ ನೋಡಿ ಬಂದಿದ್ದೀನಿ."

ನಗುತ್ತಲೇ ಹೇಳಿದಳು. ಕಟ್ಟನ್ನು ನಾನೇ ಹೊತ್ತು ಎರಡು ಬೀದಿ ನಡೆದು ಅವಳ ಮನೆಯ ಮೆಟ್ಟಿಲವರೆಗೆ ಬಿಟ್ಟು ಬಂದೆ. ನನ್ನ ಕೈಯಲ್ಲಿ ಕಂದು ಕಾಗದದ ಕಟ್ಟು ಕಂಡರೆ ಯಾರೂ ಏನೂ ಕೇಳುವುದಿಲ್ಲ.

ಮಂಗಳವಾರ, ಫೆಬ್ರವರಿ 24

ಏಳು ನಿಮಿಷ ಐವತ್ತು.

ಲೂವೀನಿಯಾ ವರದಿ: ನಾನು ರಾತ್ರಿ ನಿದ್ದೆಯಲ್ಲಿ ಊರುಗಳ ಹೆಸರು ಹೇಳುತ್ತೇನೆ, ಸವಾನಾ ಬಂದಾಗ ನಗುತ್ತೇನೆ.

ಗುರುವಾರ, ಫೆಬ್ರವರಿ 26

ಸಫ್ರೋನಿಯಾಳ ಸ್ಪರ್ಧಾ ಸಂಖ್ಯೆ 41. ಹೆಸರು ನೋಂದಾಯಿಸಿ ಚೀಟಿ ತಂದವನು ನಾನೇ. ಅಂಗೈಯಗಲದ ಬಿಳಿ ರಟ್ಟು, ಕಪ್ಪು ಅಂಕಿ. ಸೊಂಟದ ಹಿಂದೆ ಹಾಕಬೇಕು, ತೀರ್ಪುಗಾರರು ಅದನ್ನು ನೋಡಿ ಅಂಕ ಬರೆಯುತ್ತಾರೆ.

ಈ ಎಲ್ಲ ಅವಾಂತರ ಶುರುವಾದದ್ದು ಗುರುತಿಲ್ಲದ ಒಂದು ಕಟ್ಟಿನಿಂದ. ಇನ್ನು ಮುಂದೆ ನನ್ನ ಕೈ ದಾಟಿ ಹೋಗುವ ಯಾವುದೂ ಗುರುತಿಲ್ಲದೆ ಹೋಗಬಾರದು. ನಾಳೆಯ ಗಡಿಬಿಡಿಯಲ್ಲಿ ಚೀಟಿ ಕಳೆದರೆ ಅವಳ ಈ ವರ್ಷವೂ ವ್ಯರ್ಥ. ಆದ್ದರಿಂದ ಇವತ್ತೇ ಅದನ್ನು ಬೆನ್ನಿನ ತುಂಡಿಗೆ, ಕಣ್ಣಿನ ಸ್ವಲ್ಪ ಮೇಲೆ, ಇಪ್ಪತ್ತನಾಲ್ಕು ಹೊಲಿಗೆ ಹಾಕಿ ಭದ್ರಪಡಿಸಿದೆ. ಎಳೆದು ನೋಡಿದೆ. ಬರುವುದಿಲ್ಲ.

ತಂದೆ ಇದ್ದಿದ್ದರೆ ಮೆಚ್ಚುತ್ತಿದ್ದರು.

ನಾಳೆ ರಾತ್ರಿ ಹತ್ತಕ್ಕೆ ಮೆರವಣಿಗೆ.

ಶನಿವಾರ, ಫೆಬ್ರವರಿ 28

ನಲವತ್ತಮೂರನೇ ವೇಷದ ಕೂಟದ ಮೊದಲ ಬಹುಮಾನ 41ನೇ ಸಂಖ್ಯೆಗೆ ಬಂದಿದೆ. ಘೋಷಿಸಿದವರು ತೀರ್ಪುಗಾರರ ಪೈಕಿ ಹಿರಿಯರಾದ, ಕೇಶಾಲಂಕಾರದ ಅಂಗಡಿಯ ಮಿಸೆಸ್ ಆಲ್ಬರ್ಟಾ ಸ್ಪ್ರಿಗ್ಸ್. 41ನೇ ಸಂಖ್ಯೆಯಲ್ಲಿ ಇಬ್ಬರು ಇದ್ದರು ಎಂಬುದು ಅವರಿಗೆ ಇನ್ನೂ ತಿಳಿದಿಲ್ಲ.

ಕ್ರಮವಾಗಿ ಬರೆಯುತ್ತೇನೆ. ಹತ್ತು ಗಂಟೆಗೆ ಅಧ್ಯಕ್ಷರಿಗೆ ನಿಲುವಂಗಿ ತೊಡಿಸಿದೆ. ಹುಕ್ಕು ಅರವತ್ತನಾಲ್ಕೂ ಸರಿ. "ಹಗುರವಾಗಿದೆಯಲ್ಲ," ಎಂದರು. "ಗಾಳಿಗೆ ಹಾಕಿದ್ದೆನಲ್ಲ," ಎಂದೆ. ತುತ್ತೂರಿ ಊದಿತು. ಅವರು ಬಾಗಿಲು ದಾಟಿ, ನಾಲ್ಕು ಸಾವಿರ ಜನರ ಮುಂದೆ, ಸಭಾಂಗಣದ ನೆಲಕ್ಕೆ ಇಳಿದರು. ಆಗ ಅವರ ಬೆನ್ನು ನನ್ನ ಕಡೆ ತಿರುಗಿತು.

41.

ಅದರ ಕೆಳಗೆ ಕಣ್ಣು. ಅವರು ನಡೆದಂತೆಲ್ಲ ಆ ಕಣ್ಣು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡುತ್ತಿತ್ತು.

ಮೇಲಿನ ಅಂತಸ್ತಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಅಂತಸ್ತಿಗೆ ಅಂತಸ್ತೇ ಎದ್ದು ನಿಂತಿತು. ಮೂವತ್ತು ವರ್ಷ ಶವದ ಗಾಡಿಯ ಮುಂದೆ ನಿಧಾನವಾಗಿ ನಡೆದವರ ನಡಿಗೆ ಅವರದು. ಹಾಗೆ ನಡೆಯಲು ಆ ಸಭಾಂಗಣದಲ್ಲಿ ಬೇರೆ ಯಾರಿಗೂ ಬರುವುದಿಲ್ಲ. "ನಡಿ ತಾಯಿ, ನಡಿ," ಎಂದು ಕೂಗಿದರು ಜನ. ಅಧ್ಯಕ್ಷರು ಸ್ವಲ್ಪ ತಡೆದು, ತಲೆ ಬಾಗಿಸಿ, ಇನ್ನೊಂದು ಸುತ್ತು ಹೊರಟರು. ಮೆರವಣಿಗೆಯಲ್ಲಿ ಇರುವುದು ಒಂದೇ ಸುತ್ತು. ಅವರು ಮೂರು ಹಾಕಿದರು. ತೀರ್ಪುಗಾರರು ಮೂವರೂ ಬರೆದುಕೊಳ್ಳುತ್ತಿದ್ದರು. ಸಂಖ್ಯೆ ಹೊತ್ತು ನೆಲಕ್ಕಿಳಿದವರೆಲ್ಲ ಸ್ಪರ್ಧಿಗಳೇ ಎಂಬುದು ಮೊದಲಿಂದಲೂ ಇರುವ ನಿಯಮ.

ಮೂರು ಸುತ್ತಿನಿಂದಾಗಿ ನನಗೆ ಉಳಿದದ್ದು ಆರು ನಿಮಿಷ. ಅಧ್ಯಕ್ಷರು ಬೆವರುತ್ತಾ ಬಂದು ನಿಲುವಂಗಿ ಕೊಟ್ಟು, "ಬ್ರದರ್ ಡಬ್ನಿ, ಜನ ನನ್ನನ್ನ ಇಷ್ಟು ಗೌರವಿಸ್ತಾರೆ ಅಂತ ಗೊತ್ತಿರಲಿಲ್ಲ," ಎಂದರು. ಕಣ್ಣೊರೆಸಿಕೊಂಡು ಹೋದರು. ಬಾಸ್ಟನ್‌ನಿಂದ ಶುರು ಮಾಡಿದೆ.

ಐದು ನಿಮಿಷ ಇಪ್ಪತ್ತೆಂಟು ಸೆಕೆಂಡು.

ಸಫ್ರೋನಿಯಾ ಬೆನ್ನು ಕೊಟ್ಟು ನಿಂತಿದ್ದಳು. "ನಡುಗ್ತಾ ಇದ್ದೀರಾ ರಾಯರೇ?"

"ಇಲ್ಲ. ನಡುಗ್ತಾ ಇರೋಳು ನೀನು."

"ಹಾಗಾದ್ರೆ ಸರಿ. ಹಿಮ್ಮಡಿ ಮೊದಲು ಊರಬೇಡಿ."

ಸೆರಗು ಹಿಡಿದು ಅವಳ ಹಿಂದೆ ನೆಲಕ್ಕಿಳಿದೆ. ಹನ್ನೆರಡು ವರ್ಷದಲ್ಲಿ ಕೂಟದ ರಾತ್ರಿ ಆ ಸಭಾಂಗಣದ ಒಳಗೆ ಕಾಲಿಟ್ಟದ್ದು ಇದೇ ಮೊದಲು. ದೀಪಗಳು ಬಹಳ ಇವೆ. ಅವಳು ನಡೆದದ್ದನ್ನು ವರ್ಣಿಸಲು ಪ್ರಯತ್ನಿಸಿ ನಾಲ್ಕು ಸಾಲು ಹೊಡೆದುಹಾಕಿದ್ದೇನೆ. ನೆಲಮಾಳಿಗೆಯ ಹದಿನಾಲ್ಕು ಹೆಜ್ಜೆ ಅಲ್ಲಿ ನೂರಾ ಹತ್ತು ಹೆಜ್ಜೆಯಾಗಿತ್ತು. ಪ್ರತಿಯೊಂದೂ ಸರಿಯಾಗಿ ಬಿತ್ತು. ನನ್ನವೂ.

ಮೊದಲು ಜನ ಕುತ್ತಿಗೆ ಚಾಚಿ ನೋಡಿದರು. ಆಮೇಲೆ ಅದೇ ಸಂಖ್ಯೆ, ಅದೇ ಮಖಮಲ್, ಅದೇ ಕಣ್ಣು ಗುರುತಾಯಿತು. ಆ ಗದ್ದಲದಲ್ಲಿ ವಾದ್ಯದವರು ನುಡಿಸುವುದನ್ನು ಬಿಟ್ಟು ಎದ್ದು ನೋಡಿದರು.

ಮಿಸೆಸ್ ಸ್ಪ್ರಿಗ್ಸ್ ತೀರ್ಪು ಓದಿದ ಮಾತುಗಳನ್ನು ಆಗಲೇ ತೋಳಿನ ಪಟ್ಟಿಯ ಮೇಲೆ ಗುರುತು ಹಾಕಿಕೊಂಡೆ: "ಇಪ್ಪತ್ತು ವರ್ಷದಿಂದ ಇಲ್ಲಿ ಕೂತಿದ್ದೀನಿ. ಮುನ್ನೂರು ಪೌಂಡಿನ ಮುದುಕನಾಗಿ ಒಳಗೆ ಬಂದು, ಹತ್ತೇ ನಿಮಿಷದಲ್ಲಿ ಈ ಬಳ್ಳಿ ಹಂಗಿರೋ ಹೆಂಗಸಾಗಿ ಬಂದೋರನ್ನ ನಾನು ಕಂಡಿಲ್ಲ. ಮುದುಕನ ವೇಷವಂತೂ ಎಷ್ಟು ಚೆನ್ನಾಗಿತ್ತು ಅಂದ್ರೆ, ಕ್ರಚ್‌ಫೀಲ್ಡ್ ಅವರೇ ಬಂದ್ರೂ ಅಷ್ಟು ಚೆನ್ನಾಗಿ ಮಾಡೋಕಾಗಲ್ಲ."

ಮೇಲಿನ ಅಂತಸ್ತಿನಲ್ಲಿ ಕೂತಿದ್ದ ಅಧ್ಯಕ್ಷರು ಚಪ್ಪಾಳೆ ತಟ್ಟುತ್ತಿದ್ದರು. ಅರ್ಧದಲ್ಲಿ ಕೈ ನಿಂತದ್ದನ್ನು ನಾನು ಕೆಳಗಿನಿಂದ ಕಂಡೆ.

ಸಫ್ರೋನಿಯಾ ಬೆಳ್ಳಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ನೋಡುತ್ತಾ ನಿಂತಳು, ಅದರ ತಳದಲ್ಲಿ ಏನೋ ಬರೆದಿದೆ ಎನ್ನುವ ಹಾಗೆ. "ಇದರಲ್ಲಿ ಗಂಜಿ ಕಲಸಲ್ಲ," ಎಂದಳು. ಅಷ್ಟೇ.

ಮಧ್ಯಾಹ್ನ ಹನ್ನೆರಡಕ್ಕೆ ಫಿಲಡೆಲ್ಫಿಯಾದ ಬ್ರದರ್ ಪರ್ನೆಲ್ ವಿಕ್ಸ್ ಪೆಟ್ಟಿಗೆ ತಪಾಸಣೆ ಮಾಡಿದರು. ನಿಲುವಂಗಿ ಅದರ ರೂಪಕ್ಕೆ ಬಂದಿತ್ತು. ಚೀಟಿ ಮಾತ್ರ ಬಿಚ್ಚಲಾಗಿರಲಿಲ್ಲ. ನನ್ನ ಹೊಲಿಗೆ ಅಷ್ಟು ಗಟ್ಟಿ. ಅವರು ಬಹಳ ಹೊತ್ತು ನೋಡಿ ವರದಿಯಲ್ಲಿ ಬರೆದದ್ದು ಒಂದೇ ಆಕ್ಷೇಪ: "ಕೂಟದ ವರ್ಷವನ್ನು ಬೆನ್ನ ಮೇಲೆ ಹಾಕಿರುವುದು ಒಳ್ಳೆಯ ಪದ್ಧತಿ. ಆದರೆ ಇದು ನಲವತ್ತಮೂರನೆಯದು. ತಿದ್ದಿಸತಕ್ಕದ್ದು."

ಅವರು ಎರಡೂವರೆ ಗಂಟೆಯ ರೈಲಿಗೆ ಹೋದರು.

ಬುಧವಾರ, ಮಾರ್ಚ್ 4

ವಾರಪತ್ರಿಕೆ ಬಂದಿದೆ. ಮೂರನೇ ಪುಟದಲ್ಲಿ ಎರಡು ಚಿತ್ರ ಅಕ್ಕಪಕ್ಕ: ಎಡಗಡೆ ಅಧ್ಯಕ್ಷರ ಹಿಂಭಾಗ, ಬಲಗಡೆ ಸಫ್ರೋನಿಯಾಳ ಹಿಂಭಾಗ. ಎರಡರಲ್ಲೂ 41. ಎರಡರಲ್ಲೂ ನಮ್ಮ ಸಂಘದ ಕಣ್ಣು. ಕೆಳಗೆ "ಮೊದಲು ಮತ್ತು ನಂತರ" ಎಂದಿದೆ. ಸೆರಗು ಹಿಡಿದವನ ಮೊಣಕೈ ಮಾತ್ರ ಬಂದಿದೆ.

"ಮೊಣಕೈ ಚೆನ್ನಾಗಿ ಬಂದಿದೆ ರೀ," ಎಂದಳು ಲೂವೀನಿಯಾ. ಕತ್ತರಿಸಿ ಕನ್ನಡಿಗೆ ಸಿಕ್ಕಿಸಿದಳು.

ಸಂಜೆ ಅಧ್ಯಕ್ಷರ ಚೀಟಿ ಬಂತು. 10ನೇ ತಾರೀಕು ರಾತ್ರಿ ಎಂಟಕ್ಕೆ ವಿಚಾರಣೆ. ಪೆಟ್ಟಿಗೆ ತರತಕ್ಕದ್ದು.

ತಂದೆಯ ಚಿತ್ರವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದೆ. ಆಮೇಲೆ ಸರಿಯಾಗಿಯೇ ಇಟ್ಟೆ, ಅವರಿಗೂ ನೋಡುವ ಹಕ್ಕಿದೆ.

ಮಂಗಳವಾರ, ಮಾರ್ಚ್ 10

ಪೆಟ್ಟಿಗೆ ನನ್ನ ಬಳಿಯೇ ಉಳಿದಿದೆ. ಮತ ಇಪ್ಪತ್ತೇಳು ಮತ್ತು ಒಂದು. ಎಣಿಸಿದವರು ಕಾರ್ಯದರ್ಶಿಗಳು.

ಎಲ್ಲವನ್ನೂ ಮೊದಲಿಂದ ಹೇಳಿದೆ: ಕಟ್ಟು, ಕಣ್ಣು ಮಿಟುಕಿಸಿದ್ದು, ಹುಕ್ಕು, ಚೀಟಿ. ಸವಾನಾ ಬಿಟ್ಟೆ. ಅಧ್ಯಕ್ಷರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತೆರೆದರು.

"ಹಾಗಾದ್ರೆ ಆ ಚಪ್ಪಾಳೆ ನನಗೆ ಅಲ್ಲ."

"ನಡಿಗೆ ನಿಮ್ಮದೇ," ಎಂದೆ. "ಸುತ್ತು ಮೂರೂ ನಿಮ್ಮವೇ. ಚೀಟಿ ಹಾಕಿದ್ದು ಮಾತ್ರ ನಾನು. ಚೀಟಿ ನೋಡಿ ಯಾರೂ ಚಪ್ಪಾಳೆ ತಟ್ಟಲ್ಲ, ಬ್ರದರ್ ಕ್ರಚ್‌ಫೀಲ್ಡ್. ನಾನು ಅಲ್ಲೇ ಇದ್ದೆ."

"ಮೂವತ್ತು ವರ್ಷದಿಂದ ಜನರ ಮುಂದೆ ನಡೆದಿದ್ದೀನಿ," ಎಂದರು ಅವರು. "ಎಲ್ಲರೂ ಅಳ್ತಾ ಇರ್ತಾರೆ. ಒಬ್ಬರಾದ್ರೂ ಚಪ್ಪಾಳೆ ತಟ್ಟಿಲ್ಲ." ಆಮೇಲೆ ಸಮಾಧಿಯ ಧ್ವನಿಯಲ್ಲೇ ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, ಆ ಲಾಂಡ್ರಿಯವರಿಗೆ ನಮ್ಮ ಮೇಲೆ ಏನಾದರೂ ಬೇಸರವಿದೆಯೇ. ಎರಡನೆಯದು, ಸೆರಗನ್ನು ನಿಲುವಂಗಿಗೂ ಹಾಕಬಹುದೇ.

ನಂತರ ಡಬ್ಬಿಗೆ ಮತದ ಗೋಲಿ ಹಾಕಿದರು. ಪೆಟ್ಟಿಗೆಯವನನ್ನು ಉಳಿಸಿಕೊಳ್ಳಲು ಬಿಳಿ, ತೆಗೆಯಲು ಕರಿ. ಬಿಳಿ ಇಪ್ಪತ್ತೇಳು. ಕರಿ ಒಂದು, ಅದು ನನ್ನದು. ನಿಯಮ ನಿಯಮವೇ.

ಠರಾವುಗಳು: ಹುಕ್ಕುಗಳು ಹಾಗೆಯೇ ಇರತಕ್ಕದ್ದು. ಹದಿನೇಳನೇ ನಿಯಮ ತಿದ್ದುಪಡಿ, ಇನ್ನು ಮುಂದೆ ಕಟ್ಟಿನ ಮೇಲೆ ಬರೆಯಬಹುದು. ಅಧ್ಯಕ್ಷರಿಗೆ ಮುಂದಿನ ವರ್ಷ ಪ್ರತ್ಯೇಕ ಸಂಖ್ಯೆ.

ಮನೆಗೆ ಬರುವಾಗ ದಾರಿಯಲ್ಲಿ ಸಫ್ರೋನಿಯಾ ಸಿಕ್ಕಳು, ಲಾಂಡ್ರಿಯ ಬಟ್ಟೆಯಲ್ಲಿ, ಹೆಗಲ ಮೇಲೆ ಅಂಗಿಗಳ ಗಂಟು. ವಿಷಯ ತಿಳಿಸಿದೆ. ಬೀದಿಯ ದೀಪದ ಕೆಳಗೆ, ಗಂಟು ಹೊತ್ತೇ, ಮೊಣಕಾಲು ಬಗ್ಗಿಸಿ ರಾಣಿಯರ ಹಾಗೆ ವಂದಿಸಿದಳು. ಎದುರಿಗೆ ಪೋಲೀಸಿನವನಿದ್ದ. ನಾನೂ ಹಾಗೇ ವಂದಿಸಿದೆ. ಅವನು ನಮ್ಮಿಬ್ಬರನ್ನೂ ನೋಡಿ ಬೇರೆ ಬೀದಿಗೆ ಹೋದ.

ಕಳೆದ ಶನಿವಾರ ಅಂಗಡಿಯಲ್ಲಿ ಹಸಿರು ಸ್ಯಾಟಿನ್ ಒಂಬತ್ತು ಗಜ ಎತ್ತಿಡಲು ಹೇಳಿ ಬಂದಿದ್ದೆ, ಅಭ್ಯಾಸಕ್ಕೆಂದು. ಸಫ್ರೋನಿಯಾಗೆ ಹಸಿರು ಒಪ್ಪುವುದಿಲ್ಲ, ಅವಳೇ ಹೇಳಿದ್ದಾಳೆ. ನನಗೆ ಒಪ್ಪುತ್ತದೆ ಎಂದು ಲೂವೀನಿಯಾ ವರದಿ.

ಮುಂದಿನ ಕೂಟ 1932ರ ಫೆಬ್ರವರಿ 26, ಶುಕ್ರವಾರ. ಕೋಟಿನ ಕೊಠಡಿಗೆ ಬೇರೆಯವರನ್ನು ನೋಡಬೇಕು. ನನ್ನ ಅಳತೆ ಈ ಶನಿವಾರ ಮೂರು ಗಂಟೆಗೆ, ಟೆಂಪಿ ಅವರಲ್ಲಿ.